ಮ್ಯಾಂಟಲ್ ಕಲ್ಲಿನ ಮೇಲೆ ಥೀಸಿಸ್ ಮುಗಿಸಿದೆ, ಮುಂದೆ ಮಾಡೋರಿಗೆ ಒಂದಷ್ಟು ಹೇಳ್ಬೇಕು

ಅಂತೂ ವೈವಾ ಮುಗೀತು, ತಿದ್ದುಪಡಿ ಮಾಡಿದ ಪ್ರತಿನೂ ಕೊಟ್ಟಾಯ್ತು, ಈಗ ಸ್ವಲ್ಪ ಉಸಿರು ಬಿಡೋಕೆ ಟೈಮ್ ಸಿಕ್ಕಿದೆ. ಮ್ಯಾಂಟಲ್ (ಭೂಮಿಯ ಹೊರ ಸಿಪ್ಪೆಗೂ ನಡುವಿನ ಲೋಹದ ತಿರುಳಿಗೂ ಮಧ್ಯೆ ಇರೋ ದಪ್ಪ ಕಲ್ಲಿನ ಪದರ) ಕಲ್ಲುಗಳ ಮೇಲೆ ರಿಸರ್ಚ್ ಮಾಡ್ಬೇಕು ಅಂತಿರೋರು ಆಗಾಗ ಕೇಳ್ತಿರ್ತಾರೆ, ಸ್ಯಾಂಪಲ್ ಎಲ್ಲಿ ಸಿಗುತ್ತೆ, ಯಾವ ಮಷಿನ್ ಬೇಕು, ಎಷ್ಟು ಕಾಲ ಹಿಡಿಯುತ್ತೆ ಅಂತ. ಒಬ್ಬೊಬ್ಬರಿಗೆ ಬೇರೆ ಬೇರೆ ಬರೆಯೋ ಬದ್ಲು ನಡೆದದ್ದನ್ನ ನಡೆದ ಹಾಗೇ ಒಂದು ಕಡೆ ಬರೆದುಬಿಡ್ತೀನಿ. ಮೊದಲೇ ಒಂದು ಮಾತು, ಮ್ಯಾಂಟಲ್ ಕಲ್ಲು ಕೈಗೆ ಸಿಗೋದು ನೀವಂದ್ಕೊಂಡಷ್ಟು ಕಷ್ಟ ಅಲ್ಲ. ಸಿಕ್ಕಿದ ಕಲ್ಲು ಹೇಳ್ತಿರೋದು ಆಳದ ಕಥೆನಾ ಇಲ್ಲ ಮೇಲೆ ಬರೋ ದಾರಿಲಿ ಅದಕ್ಕೆ ಆದ ಕಥೆನಾ ಅಂತ ಬೇರೆ ಮಾಡೋದಿದ್ಯಲ್ಲ, ನನ್ನ ವರ್ಷಗಳು ಹೋಗಿದ್ದೆಲ್ಲ ಅದಕ್ಕೇ.

ಎಲ್ಲರೂ ಮೊದಲು ಕೇಳೋ ಪ್ರಶ್ನೆ, ಭೂಮಿ ಕೊರೆದು ತೆಗೀಬಾರ್ದಾ ಅಂತ. ಆಗಲ್ಲ. ಭೂಮಿಯ ಗಾತ್ರದಲ್ಲಿ ಸುಮಾರು 84 ಪರ್ಸೆಂಟ್ ಮ್ಯಾಂಟಲ್ಲೇ ಇದೆ, ಹೆಚ್ಚುಕಮ್ಮಿ 2,890 ಕಿ.ಮೀ ಆಳದವರೆಗೂ, ಆದ್ರೆ ಅದರ ಮೇಲೆ ಖಂಡಗಳ ಕೆಳಗೆ ಸಾಧಾರಣ 35-40 ಕಿ.ಮೀ ದಪ್ಪದ ಕ್ರಸ್ಟ್, ಅಂದ್ರೆ ಹೊರ ಸಿಪ್ಪೆ, ಕೂತಿದೆ, ಸಮುದ್ರದ ತಳದಲ್ಲಾದ್ರೆ 7 ಕಿ.ಮೀ ಆಸುಪಾಸು. ರಷ್ಯಾದ ಕೋಲಾ ಬೋರ್ ಜಗತ್ತಿನಲ್ಲೇ ಅತಿ ಆಳದ ತೂತು, 12,262 ಮೀಟರ್, ಅದೂ ಕ್ರಸ್ಟ್ ಒಳಗೇ ನಿಂತುಹೋಯ್ತು. ಅಮೆರಿಕದವ್ರು 1961ರಲ್ಲಿ ಮೊಹೋಲ್ ಪ್ರಾಜೆಕ್ಟ್ ಅಂತ ಮೆಕ್ಸಿಕೋ ಪಕ್ಕದ ಸಮುದ್ರದಲ್ಲಿ ಹಡಗಿನಿಂದ ಕೊರೆಯೋಕೆ ಹೋದ್ರು, ತಳದಿಂದ 183 ಮೀಟರ್ ಹೋದ್ರು ಅಷ್ಟೇ, 1966ರಲ್ಲಿ ದುಡ್ಡು ನಿಂತು ಪ್ರಾಜೆಕ್ಟೇ ಮುಚ್ಚಿಹೋಯ್ತು. 2023ರಲ್ಲಿ ಅಟ್ಲಾಂಟಿಕ್ ಮಧ್ಯದ ಅಟ್ಲಾಂಟಿಸ್ ಮ್ಯಾಸಿಫ್‌ನಲ್ಲಿ 1,268 ಮೀಟರ್ ಕೊರೆದು ಮ್ಯಾಂಟಲ್ ಕಲ್ಲಿನ ಕೋರ್ ತೆಗೆದ್ರಲ್ಲ ಅಂತ ನೀವು ಹೇಳಬಹುದು, ಹೌದು, ದೊಡ್ಡ ಕೆಲಸನೇ, ಆದ್ರೆ ಅಲ್ಲಿ ಕ್ರಸ್ಟ್ ದಾಟಿ ಕೆಳಗೆ ಹೋಗಿಲ್ಲ, ಬಿರುಕಿನ ಮೂಲಕ ಮ್ಯಾಂಟಲ್ಲೇ ಮೇಲೆದ್ದು ಬಂದು ಸಮುದ್ರದ ತಳದಲ್ಲಿ ಮೈ ತೋರಿಸ್ಕೊಂಡು ಕೂತಿತ್ತು. ಅಂದ್ರೆ ಇವತ್ತಿಗೂ ನಮ್ಮ ಕೈಲಿರೋ ಮ್ಯಾಂಟಲ್ ಕಲ್ಲೆಲ್ಲ ತಾನಾಗೇ ಮೇಲೆ ಬಂದಿದ್ದು.

ಮೊದಲ ದಿನ ಗೈಡ್ ಹತ್ರ ಹೋಗಿ ಮ್ಯಾಂಟಲ್ ಮೇಲೆ ಮಾಡ್ತೀನಿ ಸರ್ ಅಂದಾಗ ಅವ್ರು ಕೇಳಿದ್ದು ಒಂದೇ, "ಯಾವ ದಾರಿಲಿ ಬಂದ ಮ್ಯಾಂಟಲ್ ಬೇಕಪ್ಪಾ ನಿಂಗೆ?" ಆಗ ಸುಮ್ನೆ ತಲೆ ಆಡಿಸ್ದೆ, ಈಗ ಅನ್ಸುತ್ತೆ ಇಡೀ ಥೀಸಿಸ್ ಆ ಪ್ರಶ್ನೆಲೇ ಇತ್ತು.

ದಾರಿಗಳು ಹೀಗಿವೆ. ಒಂದು, ಜ್ವಾಲಾಮುಖಿ ಹೊತ್ಕೊಂಡು ಬರೋ ತುಂಡುಗಳು, ಝೀನೋಲಿತ್ ಅಂತಾರೆ. ಬಸಾಲ್ಟ್ ಲಾವಾ ಒಳಗೆ ಪಾಚಿ ಹಸಿರು ಉಂಡೆ ಸಿಕ್ಕಾಕೊಂಡಿರುತ್ತಲ್ಲ, ಅದೇ. ಅರಿಜೋನಾದ ಸ್ಯಾನ್ ಕಾರ್ಲೋಸ್, ನ್ಯೂ ಮೆಕ್ಸಿಕೋದ ಕಿಲ್ಬೋರ್ನ್ ಹೋಲ್, ಜರ್ಮನಿಯ ಐಫೆಲ್, ಫ್ರಾನ್ಸಿನ ಮಾಸಿಫ್ ಸೆಂಟ್ರಲ್ ಇವೆಲ್ಲ ಹೆಸರುವಾಸಿ ಜಾಗಗಳು. ಇವು ಕೆಲವು ಹತ್ತು ಕಿಲೋಮೀಟರ್ ಆಳದ್ದು, ಇನ್ನೂ ಆಳದ್ದು ಬೇಕಂದ್ರೆ ಕಿಂಬರ್ಲೈಟ್ (ತುಂಬಾ ಆಳದಿಂದ ಸಿಡಿದು ಬಂದ ಜ್ವಾಲಾಮುಖಿ ಕಲ್ಲು) ಹುಡುಕ್ಬೇಕು, ದಕ್ಷಿಣ ಆಫ್ರಿಕಾದ ಕಿಂಬರ್ಲಿ, ಸೈಬೀರಿಯಾದ ಉದಾಚ್ನಾಯಾ ಥರದ್ದು, ಅವು 150-200 ಕಿ.ಮೀ ಕೆಳಗಿನ ಗಾರ್ನೆಟ್ ಅನ್ನೋ ಖನಿಜ ಇರೋ ಕಲ್ಲನ್ನೂ ತರ್ತವೆ, ವಜ್ರ ಬರೋದೂ ಅಲ್ಲಿಂದಲೇ. ಎರಡು, ಓಫಿಯೋಲೈಟ್, ಅಂದ್ರೆ ಸಮುದ್ರ ತಳದ ಪ್ಲೇಟ್ ಒಂದು ಚೂರು ಖಂಡದ ಮೇಲೆ ಹತ್ತಿ ಕೂತಿರೋದು, ಕೆಳಗೆ ಮ್ಯಾಂಟಲ್ ಮೇಲೆ ಕ್ರಸ್ಟ್ ಎರಡೂ ಕಾಲ್ನಡಿಗೆಲಿ ನೋಡಬಹುದು. ಒಮಾನ್‌ನ ಸಮಾಯಿಲ್, ಸೈಪ್ರಸ್‌ನ ಟ್ರೂಡೋಸ್, ಕೆನಡಾದ ಗ್ರೋಸ್ ಮೋರ್ನ್‌ನಲ್ಲಿರೋ ಟೇಬಲ್‌ಲ್ಯಾಂಡ್ಸ್ ಇದೇ ಜಾತಿ. ಮೂರು, ಬೆಟ್ಟಗಳು ಏಳೋವಾಗ ಖಂಡದ ಕೆಳಗಿನ ಮ್ಯಾಂಟಲ್ ದೊಡ್ಡ ಗಡ್ಡೆಯಾಗಿ ಹೊರಬಂದಿರೋದು, ಸ್ಪೇನಿನ ರೋಂಡಾ, ಪಿರನೀಸ್‌ನ ಲೆರ್ಜ್, ಜಪಾನಿನ ಹೊರೋಮಾನ್. ನಾಲ್ಕನೇದು ಸಮುದ್ರದ ತಳದ್ದು, ಹಡಗಿನಿಂದ ಡ್ರೆಜ್ (ತಳ ಕೆರೆಯೋ ಕಬ್ಬಿಣದ ಬುಟ್ಟಿ) ಹಾಕಿ ಎಳೆಯೋದು. ಇದ್ರಲ್ಲೇ ನೀರಿನಿಂದ ತಲೆ ಎತ್ತಿರೋ ಒಂದೆರಡು ಜಾಗಗಳೂ ಇವೆ, ಅಟ್ಲಾಂಟಿಕ್ ನಡುವಿನ ಸೇಂಟ್ ಪೀಟರ್ ಮತ್ತು ಸೇಂಟ್ ಪಾಲ್ ಬಂಡೆಗಳು (ಡಾರ್ವಿನ್ 1832ರಲ್ಲಿ ಅಲ್ಲಿ ಇಳಿದು, ಇದು ಜ್ವಾಲಾಮುಖಿ ಕಲ್ಲಲ್ಲ ಅಂತ ಆಗಲೇ ಗುರುತಿಸಿದ್ದ, ಆ ಮನುಷ್ಯನ ಕಣ್ಣು ಕಣ್ಣೇ), ಮತ್ತೆ ಆಸ್ಟ್ರೇಲಿಯಾದ ಮ್ಯಾಕ್ವಾರಿ ದ್ವೀಪ.

ಇಲ್ಲಿ ಒಂದು ಎಚ್ಚರಿಕೆ. ಮ್ಯಾಕ್ವಾರಿ, ಗ್ರೋಸ್ ಮೋರ್ನ್ ಎರಡೂ ವಿಶ್ವ ಪರಂಪರೆಯ ತಾಣಗಳು, ಅಲ್ಲಿ ಅನುಮತಿ ಇಲ್ದೆ ಒಂದು ಚೂರು ಮುಟ್ಟೋ ಹಾಗಿಲ್ಲ. ಸ್ಯಾನ್ ಕಾರ್ಲೋಸ್ ಅಪಾಚೆ ಬುಡಕಟ್ಟಿನ ಜಮೀನು, ಅಲ್ಲಿ ಅವರ ಒಪ್ಪಿಗೆನೇ ಬೇಕು. ಹಾಗಾಗಿ ಜಾಗ ಆರಿಸೋವಾಗ ಜಿಯಾಲಜಿ ಮ್ಯಾಪ್ ಜೊತೆಗೆ ಆ ನೆಲ ಯಾರದ್ದು ಅಂತನೂ ನೋಡಿ.

ಕೊನೆಗೆ ನಂದು ಎರಡು ದಾರಿಯ ಕಲ್ಲು ಹೋಲಿಸೋದು ಅಂತ ಆಯ್ತು. ಒಮಾನ್‌ಗೆ ಫೀಲ್ಡ್ ಹೋಗಿ ಓಫಿಯೋಲೈಟ್ ಸ್ಯಾಂಪಲ್ ತರೋದು, ಜೊತೆಗೆ ಒಂದು ಹಳೇ ಸಂಗ್ರಹದಿಂದ ಸ್ಯಾನ್ ಕಾರ್ಲೋಸ್ ಝೀನೋಲಿತ್ ಸಾಲ ತಗೊಳ್ಳೋದು. ಒಂದು ಸಮುದ್ರ ತಳದ ಮ್ಯಾಂಟಲ್, ಇನ್ನೊಂದು ಖಂಡದ ಕೆಳಗಿನದು. ಒಂದು ನಿಧಾನವಾಗಿ ತಣ್ಣಗಾಗಿದ್ದು, ಇನ್ನೊಂದು ಲಾವಾ ಜೊತೆ ಧಡಾರಂತ ಬಂದಿದ್ದು. ಈ ಕೊನೇ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಮುಂದೆ ಬರುತ್ತೆ.

ಪೇಪರ್ ಕೆಲಸ ಶುರುವಾಯ್ತು. ಫೀಲ್ಡ್‌ಗೆ ಆಹ್ವಾನ ಪತ್ರ, ಕಲ್ಲು ಒಡೆಯೋಕೆ ಅನುಮತಿ, ಅದನ್ನ ದೇಶದಿಂದ ಹೊರಗೆ ಒಯ್ಯೋಕೆ ಬೇರೆ ಅನುಮತಿ, ಒಂದು ಸಿಕ್ರೆ ಇನ್ನೊಂದು ತಾನಾಗೇ ಬರುತ್ತೆ ಅಂತ ನಂಬ್ಕೋಬೇಡಿ, ಎರಡೂ ಬೇರೆ ಬೇರೆ ಟೇಬಲ್. ಸ್ಥಳೀಯ ಯೂನಿವರ್ಸಿಟಿಯ ಒಬ್ಬ ಪಾರ್ಟ್ನರ್ ಇಲ್ದೆ ಇದಕ್ಕೆಲ್ಲ ಕೈ ಹಾಕಲೇಬೇಡಿ. ಫೀಲ್ಡ್ ಏನಿದ್ರೂ ಚಳಿಗಾಲದಲ್ಲೇ, ಬೇಸಿಗೆಲಿ ಆ ಕಪ್ಪು ಕಂದು ಬಂಡೆ ಮೇಲೆ ನಿಲ್ಲೋಕೇ ಆಗಲ್ಲ, ಅನುಮತಿ ತಡವಾದ್ರೆ ಮುಂದಿನ ಚಳಿಗಾಲದವರೆಗೂ ಕಾಯೋದೇ. ಸಂಗ್ರಹದಿಂದ ಸಾಲ ತಗೊಳ್ಳೋದು ಸುಲಭ ಅನ್ಕೊಂಡ್ರೆ ಅದೂ ಹಾಗಲ್ಲ, ಎಷ್ಟು ಗ್ರಾಂ ಕತ್ತರಿಸ್ತೀರಾ, ಎಷ್ಟು ಪುಡಿ ಮಾಡ್ತೀರಾ, ಮಿಕ್ಕಿದ್ದು ಯಾವಾಗ ವಾಪಸ್ ಅಂತ ಬರೆದು ಕೊಡ್ಬೇಕು. ನ್ಯಾಯನೇ ಬಿಡಿ, ಪುಡಿ ಮಾಡಿದ ಕಲ್ಲು ಮತ್ತೆ ಕಲ್ಲಾಗಲ್ಲ.

ಸಮಾಯಿಲ್ ಬಗ್ಗೆ ಎಷ್ಟು ಓದಿದ್ರೂ ಕಣ್ಣಾರೆ ನೋಡೋದು ಬೇರೆನೇ. ಸುಮಾರು 500 ಕಿ.ಮೀ ಉದ್ದ, ಸುಮಾರು 9.5 ಕೋಟಿ ವರ್ಷದ ಹಿಂದೆ ಹುಟ್ಟಿದ ಸಮುದ್ರ ತಳ, ಅದರ ಮ್ಯಾಂಟಲ್ ಭಾಗ ಕಂದು ಬಣ್ಣದ ಬೋಳು ಬೆಟ್ಟಗಳಾಗಿ ನಿಂತಿದೆ. ಭೂಕಂಪದ ಅಲೆ ನೋಡಿ 1909ರಲ್ಲಿ ಮೊಹೊರೋವಿಚಿಚ್ ಗುರುತಿಸಿದ್ರಲ್ಲ, ಕ್ರಸ್ಟ್ ಮುಗಿದು ಮ್ಯಾಂಟಲ್ ಶುರುವಾಗೋ ಗಡಿ, ಅಲೆಯ ವೇಗ ಸೆಕೆಂಡಿಗೆ 8 ಕಿ.ಮೀ ಹತ್ರ ಜಿಗಿಯೋ ಜಾಗ, ಆ ಮೋಹೋ ಇಲ್ಲಿ ಬೆಟ್ಟದ ಇಳಿಜಾರಲ್ಲಿ ಕಣ್ಣಿಗೆ ಕಾಣುತ್ತೆ. ನಾನು ಒಂದು ಗೆರೆ ಇರುತ್ತೆ ಅಂತ ನಿರೀಕ್ಷೆ ಇಟ್ಕೊಂಡಿದ್ದೆ, ಅಲ್ಲಿ ನೋಡಿದ್ರೆ ಡ್ಯೂನೈಟ್ (ಬಹುತೇಕ ಒಲಿವೀನ್ ಅನ್ನೋ ಹಸಿರು ಖನಿಜವೇ ಇರೋ ಕಲ್ಲು), ಗ್ಯಾಬ್ರೋ (ಕ್ರಸ್ಟ್ ಒಳಗೇ ಹೆಪ್ಪುಗಟ್ಟಿದ ಶಿಲಾರಸ) ಒಂದ್ರೊಳಗೊಂದು ನುಗ್ಗಿ ಹೆಣ್ಕೊಂಡಿರೋ ಪಟ್ಟೆ, ಕೆಲವು ಕಡೆ ಮೀಟರ್‌ಗಟ್ಲೆ, ಕೆಲವು ಕಡೆ ನೂರಾರು ಮೀಟರ್ ದಪ್ಪ. ಭೂಕಂಪದ ಅಲೆಗೆ ಗೆರೆ ಥರ ಕಾಣೋದು ಕಲ್ಲಲ್ಲಿ ಒಂದು ವಲಯ. ಕರಗಿದ ಶಿಲಾರಸ ಕೆಳಗಿಂದ ಬಂದು ಇಲ್ಲೇ ತಂಗಿ ಮೇಲಕ್ಕೆ ಹೋಗ್ತಿತ್ತು ಅಂತ ಈ ಹೆಣಿಕೆ ಹೇಳುತ್ತೆ, ಡ್ಯೂನೈಟ್ ಪಟ್ಟೆಗಳೇ ಆ ರಸ ಹರಿದ ಕಾಲುವೆಗಳು, ಹರಿಯೋವಾಗ ಪೈರಾಕ್ಸೀನ್ ಅನ್ನೋ ಖನಿಜ ಕರಗಿಸಿ ಒಲಿವೀನ್ ಮಾತ್ರ ಬಿಟ್ಟು ಹೋಗಿದೆ.

ಇನ್ನು ಹೊಡೆಯೋ ವಿಷ್ಯ. ಪೆರಿಡೋಟೈಟ್, ಅಂದ್ರೆ ಒಲಿವೀನ್, ಪೈರಾಕ್ಸೀನ್ ಸೇರಿದ ಈ ಮ್ಯಾಂಟಲ್ ಕಲ್ಲು, ಸಾಮಾನ್ಯ ಸುತ್ತಿಗೆಗೆ ಬಗ್ಗಲ್ಲ, ಹೊಡೆದ್ರೆ ವಾಪಸ್ ಚಿಮ್ಮುತ್ತೆ. ದೊಡ್ಡ ಸುತ್ತಿಗೆ, ಕಣ್ಣಿಗೆ ಗಾಗಲ್, ದಪ್ಪ ಗ್ಲೌಸ್ ಇರ್ಲೇಬೇಕು. ಹೊರಗಿನ ಕಿತ್ತಳೆ ಕಂದು ಸಿಪ್ಪೆ ತೆಗೆದು ಒಳಗಿನ ಕಪ್ಪು ಹಸಿರು ಭಾಗ ಬರೋವರೆಗೂ ಹೊಡೀರಿ. ಮೇಲ್ಮೈಲಿ ಗುಬಟು ಗುಬಟಾಗಿ ಎದ್ದಿರೋದು ಆರ್ಥೋಪೈರಾಕ್ಸೀನ್ (ಕ್ಯಾಲ್ಸಿಯಂ ಕಮ್ಮಿ ಇರೋ ಪೈರಾಕ್ಸೀನ್), ಒಲಿವೀನ್ ಬೇಗ ಸವೆದು ತಗ್ಗಾಗಿರುತ್ತೆ, ಹಾರ್ಜ್‌ಬರ್ಗೈಟ್ (ಈ ಎರಡು ಖನಿಜವೇ ಹೆಚ್ಚಿರೋ ಪೆರಿಡೋಟೈಟ್) ಅಂತ ದೂರದಿಂದಲೇ ಗೊತ್ತಾಗುತ್ತೆ. ಸ್ಯಾಂಪಲ್ ಒಡೆಯೋಕ್ಮುಂಚೆ ದಿಕ್ಕು ಗುರುತು ಹಾಕಿ, ಉತ್ತರ ಯಾವ ಕಡೆ, ಮೇಲೆ ಯಾವುದು, ಆಮೇಲೆ ಹರಳುಗಳ ದಿಕ್ಕು ಅಳೆಯೋ ಯೋಚನೆ ಇದ್ರೆ ಈ ಗುರುತು ಇಲ್ಲದ ಕಲ್ಲು ಅರ್ಧ ದಂಡ. ದಿಕ್ಸೂಚಿ ಕಲ್ಲಿಗೆ ತಾಗಿಸಿ ಓದಬೇಡಿ, ಯಾಕಂದ್ರೆ ಈ ಕಲ್ಲಿನೊಳಗೆ ಮ್ಯಾಗ್ನೆಟೈಟ್ ತುಂಬ್ಕೊಂಡಿರುತ್ತೆ, ಮುಳ್ಳು ಎಳೆದುಬಿಡುತ್ತೆ.

ಆ ಮ್ಯಾಗ್ನೆಟೈಟ್ ಎಲ್ಲಿಂದ ಬಂತು ಅಂದ್ರೆ ಅಲ್ಲೇ ನನ್ನ ತಲೆನೋವು ಶುರು. ಒಲಿವೀನ್‌ಗೆ ನೀರು ಸೋಕಿದ್ರೆ ಸರ್ಪೆಂಟೈನ್ ಆಗುತ್ತೆ, ಜೊತೆಗೆ ಬ್ರೂಸೈಟ್, ಮ್ಯಾಗ್ನೆಟೈಟ್, ಹೈಡ್ರೋಜನ್ ಅನಿಲ. ಕಲ್ಲು ಉಬ್ಬುತ್ತೆ, ಸಾಂದ್ರತೆ 3.3ರಿಂದ 2.6ರ ಕಡೆಗೆ ಇಳಿಯುತ್ತೆ. ಒಮಾನ್‌ನಲ್ಲಿ ಇದು ಇವತ್ತಿಗೂ ನಡೀತಿದೆ, ವಾದಿಗಳಲ್ಲಿ (ಒಣ ಹೊಳೆ ಕಣಿವೆಗಳು) ಪಿಎಚ್ 11 ದಾಟಿದ ನೀರಿನ ಊಟೆಗಳಿವೆ, ಬಿಳಿ ಸುಣ್ಣದ ಪದರ ಕಟ್ಟಿರುತ್ತೆ, ಬಂಡೆ ಬಿರುಕಲ್ಲೆಲ್ಲ ಬಿಳಿ ಕಾರ್ಬೊನೇಟ್ ನರಗಳು, ಅಂದ್ರೆ ಗಾಳಿಲಿರೋ ಕಾರ್ಬನ್ ಡೈಆಕ್ಸೈಡನ್ನ ಈ ಕಲ್ಲು ಹಿಡಿದು ಕಲ್ಲಾಗಿಸ್ತಿದೆ. ಹವಾಮಾನದ ಮೇಲೆ ಕೆಲಸ ಮಾಡೋರಿಗೆ ಇದು ಚಿನ್ನ, ನನ್ನಂಥ ಆಳ ಹುಡುಕೋರಿಗೆ ಕಾಟ.

ಪಾರ್ಸೆಲ್ ಕಥೆ ಕೇಳಿ. ಕಲ್ಲು ಅಂದ್ರೆ ಭಾರ, ಕೊರಿಯರ್ ಚಾರ್ಜ್ ತೂಕದ ಮೇಲೆ, ನನ್ನ ಫೀಲ್ಡ್ ಬಜೆಟ್‌ನಲ್ಲಿ ದೊಡ್ಡ ಪಾಲು ಇದಕ್ಕೇ ಹೋಯ್ತು. ಅದರ ಮೇಲೆ ಪೆಟ್ಟಿಗೆ ಕಸ್ಟಮ್ಸ್‌ನಲ್ಲಿ ನಿಂತುಬಿಡ್ತು, ಮಿನರಲ್ ಸ್ಯಾಂಪಲ್ ಅಂತ ಪಟ್ಟಿಲಿ ಇದ್ದಿದ್ದಕ್ಕೆ ಅದಿರಾ, ಮಾರೋಕಾ ಅಂತ ಪ್ರಶ್ನೆ. ವಾರಗಟ್ಲೆ ಫೋನು, ಲೆಟರ್‌ಹೆಡ್‌ನಲ್ಲಿ ಪತ್ರ, ಮತ್ತೆ ಪತ್ರ. ರಾತ್ರಿ ಮಲಗಿದ್ರೂ ಆ ಪೆಟ್ಟಿಗೆನೇ ಕಣ್ಮುಂದೆ, ಅಷ್ಟು ಕಷ್ಟಪಟ್ಟು ಒಡೆದ ಕಲ್ಲು ಎಲ್ಲಿ ಬಿದ್ದಿದ್ಯೋ ಅಂತ. ನೀವು ಕಳಿಸೋವಾಗ "ಸಂಶೋಧನೆಗಾಗಿ ಕಲ್ಲಿನ ಮಾದರಿ, ವಾಣಿಜ್ಯ ಮೌಲ್ಯ ಇಲ್ಲ" ಅಂತ ಸ್ಪಷ್ಟವಾಗಿ ಬರೀರಿ, ಒಂದೊಂದು ಚೀಲದ ನಂಬರ್, ತೂಕ ಪಟ್ಟಿ ಮಾಡಿ, ಅನುಮತಿ ಪತ್ರದ ಪ್ರತಿ ಪೆಟ್ಟಿಗೆ ಹೊರಗೂ ಒಳಗೂ ಹಾಕಿ. ಮಣ್ಣು ಒಂಚೂರೂ ಅಂಟಿರಬಾರ್ದು, ಬ್ರಷ್ ಹಾಕಿ ತೊಳೆದು ಒಣಗಿಸಿ, ತುಂಬಾ ದೇಶಗಳಲ್ಲಿ ಮಣ್ಣಿಗೆ ಬೇರೆನೇ ಕಾನೂನು ಇದೆ.

ಲ್ಯಾಬ್‌ಗೆ ಬಂದ ಮೇಲೆ ಕತ್ತರಿಸೋದು. ಸರ್ಪೆಂಟೈನ್ ಇರೋ ಕಲ್ಲಲ್ಲಿ ಕ್ರೈಸೋಟೈಲ್ ಇರಬಹುದು, ಅದು ಕಲ್ನಾರು, ಆಸ್ಬೆಸ್ಟಾಸ್. ಒಣ ಕಟಿಂಗ್ ಮಾಡಲೇಬೇಡಿ, ನೀರು ಹಾಕ್ಕೊಂಡೇ ಕತ್ತರಿಸಿ, ಧೂಳು ತಡೆಯೋ ಸರಿಯಾದ ಮಾಸ್ಕ್ ಹಾಕಿ, ಸಾಧ್ಯ ಆದ್ರೆ ಮೊದಲೇ ರಾಮನ್ ಮಷಿನ್‌ನಲ್ಲಿ (ಲೇಸರ್ ಬೆಳಕಿಂದ ಖನಿಜ ಗುರುತಿಸೋದು) ಯಾವ ಸರ್ಪೆಂಟೈನ್ ಅಂತ ನೋಡ್ಕೊಳ್ಳಿ. ಅದ್ರಿಂದ ಇನ್ನೊಂದು ಲಾಭ ಇದೆ, ಲಿಜಾರ್ಡೈಟ್, ಕ್ರೈಸೋಟೈಲ್ ಸಿಕ್ರೆ ಕಮ್ಮಿ ಶಾಖದಲ್ಲಿ ನೀರು ಸೇರಿದ್ದು ಅಂತ, ಆಂಟಿಗೊರೈಟ್ ಆದ್ರೆ ಹೆಚ್ಚು ಶಾಖ. ಥಿನ್ ಸೆಕ್ಷನ್, ಅಂದ್ರೆ ಮೈಕ್ರೋಸ್ಕೋಪ್‌ನಲ್ಲಿ ನೋಡೋಕೆ ಮಾಡೋ ಕಲ್ಲಿನ ತೆಳು ಹಾಳೆ, 30 ಮೈಕ್ರಾನ್ ದಪ್ಪ, ಪ್ರೋಬ್‌ಗೆ (ಹರಳಿನ ಒಂದೊಂದು ಚುಕ್ಕಿಲಿ ಯಾವ ಧಾತು ಎಷ್ಟಿದೆ ಅಂತ ಅಳೆಯೋ ಮಷಿನ್) ಹೋಗೋದಾದ್ರೆ ಮೇಲೆ ಗಾಜು ಅಂಟಿಸದೆ ಪಾಲಿಶ್ ಮಾಡಿಸ್ಬೇಕು, ಇದನ್ನ ಮೊದಲೇ ಹೇಳಿ. ಸೆಕ್ಷನ್ ಮಾಡೋ ಅಣ್ಣನ ಹತ್ರ ಯಾವಾಗ್ಲೂ ಕ್ಯೂ ಇರುತ್ತೆ, ಅವ್ರ ಜೊತೆ ಚೆನ್ನಾಗಿರಿ, ಪ್ರೊಫೆಸರ್‌ಗಿಂತ ಹೆಚ್ಚು ಕಲಿಸಿದ್ದು ಅವ್ರೇ ನನಗೆ.

ಮೈಕ್ರೋಸ್ಕೋಪ್ ಕೆಳಗೆ ಎರಡೂ ಕಲ್ಲು ಪಕ್ಕಪಕ್ಕ ಇಟ್ಟ ದಿನ ನಿಜವಾಗ್ಲೂ ಖುಷಿ ಆಯ್ತು. ಒಮಾನ್‌ದು ನೋಡಿದ್ರೆ ಒಲಿವೀನ್ ಚೂರುಚೂರಾಗಿ ಸರ್ಪೆಂಟೈನ್ ಬಲೆಯೊಳಗೆ ಸಿಕ್ಕಿದೆ, ನಾನು ಆರಿಸಿದ್ರಲ್ಲೇ ಅತಿ ಫ್ರೆಶ್ ಅನ್ನೋದ್ರಲ್ಲೂ ಮೂರನೇ ಒಂದು ಭಾಗ ಹೋಗಿತ್ತು. ಝೀನೋಲಿತ್‌ದು ನೀಲಿ, ಗುಲಾಬಿ, ಹಳದಿ ಬಣ್ಣದ ದೊಡ್ಡ ಒಲಿವೀನ್, ನೀರಿನ ಸುಳಿವೇ ಇಲ್ಲ. ಹಾಗಾದ್ರೆ ಝೀನೋಲಿತ್ ಶುದ್ಧ ಅಂದ್ಕೊಂಡು ಗೈಡ್‌ಗೆ ತೋರಿಸ್ದಾಗ ಅವ್ರು ಕ್ಲೈನೋಪೈರಾಕ್ಸೀನ್ (ಕ್ಯಾಲ್ಸಿಯಂ ಹೆಚ್ಚಿರೋ ಪೈರಾಕ್ಸೀನ್) ಅಂಚಿಗೆ ಬೆರಳು ಇಟ್ಟು, "ಇದೇನು ಸ್ಪಂಜ್ ಥರ? ಇದು ಮ್ಯಾಂಟಲ್ ಮಾತಾಡ್ತಿರೋದಾ, ಬಸಾಲ್ಟಾ?" ಅಂದ್ರು. ಲಾವಾ ಒಳಗೆ ಬರೋವಾಗ ಶಾಖಕ್ಕೆ ಅಂಚು ಕರಗಿ ಮತ್ತೆ ಹೆಪ್ಪುಗಟ್ಟಿರೋದು. ಆ ಪ್ರಶ್ನೆ ಆಮೇಲೆ ಪ್ರತಿ ಮೀಟಿಂಗಲ್ಲೂ ಕೇಳಿದ್ದೇ ಕೇಳಿದ್ದು, ಕೊನೆಕೊನೆಗೆ ನಾನೇ ನನ್ನನ್ನ ಕೇಳ್ಕೊಳ್ಳೋ ಹಾಗಾಯ್ತು.

ಮುಂದಿನದು ಪ್ರೋಬ್, ಎಲೆಕ್ಟ್ರಾನ್ ಮೈಕ್ರೋಪ್ರೋಬ್. ಗಂಟೆ ಲೆಕ್ಕದಲ್ಲಿ ಚಾರ್ಜ್, ತಿಂಗಳುಗಳ ಮುಂಚೆ ಬುಕ್ ಮಾಡ್ಬೇಕು, ನನ್ನ ಸ್ಲಾಟ್ ಬಂದ ವಾರ ಮಷಿನ್ ಫಿಲಮೆಂಟ್ ಹೋಗಿ ಮತ್ತೆ ಕ್ಯೂ ಕೊನೆಗೆ. ಆ ದಿನ ಹಾಸ್ಟೆಲ್‌ಗೆ ಬಂದು ಯಾರ ಜೊತೆನೂ ಮಾತಾಡ್ಲಿಲ್ಲ. ಕಾಯೋ ಟೈಮಲ್ಲಿ ಮಾಡಬಹುದಾದ ಕೆಲಸ ಒಂದಿದೆ, ಸೆಕ್ಷನ್ ಪೂರ್ತಿ ಸ್ಕ್ಯಾನ್ ಮಾಡಿ ಯಾವ ಹರಳಿನ ಯಾವ ಜಾಗ ಅಳೀಬೇಕು ಅಂತ ಪ್ರಿಂಟ್ ಮೇಲೆ ಗುರುತು ಹಾಕಿಟ್ಕೊಳ್ಳಿ, ಬೀಮ್ ಆನ್ ಆದ್ಮೇಲೆ ಹುಡುಕ್ತಾ ಕೂತ್ರೆ ದುಡ್ಡು ಸುರಿದ ಹಾಗೆ. ಒಂದು ತಮಾಷೆ ಏನಂದ್ರೆ, ಜಗತ್ತಿನ ಎಷ್ಟೋ ಲ್ಯಾಬ್‌ಗಳಲ್ಲಿ ಒಲಿವೀನ್ ಅಳೆಯೋಕೆ ಸ್ಟ್ಯಾಂಡರ್ಡ್ ಆಗಿ ಇಡೋದು ಸ್ಯಾನ್ ಕಾರ್ಲೋಸ್ ಒಲಿವೀನನ್ನೇ, ನನ್ನ ಸ್ಯಾಂಪಲ್ ಊರಿನವನೇ ಜಡ್ಜ್.

ಅಂಕಿ ಬರೋಕೆ ಶುರುವಾದ್ಮೇಲೆ ಮಜಾ ಇದೆ. ಒಲಿವೀನ್‌ನಲ್ಲಿ ಕಬ್ಬಿಣಕ್ಕೆ ಹೋಲಿಸಿದ್ರೆ ಮೆಗ್ನೀಸಿಯಂ ಎಷ್ಟು, ಸ್ಪಿನೆಲ್ ಅನ್ನೋ ಖನಿಜದಲ್ಲಿ ಅಲ್ಯುಮಿನಿಯಂಗೆ ಹೋಲಿಸಿದ್ರೆ ಕ್ರೋಮಿಯಂ ಎಷ್ಟು, ಇವೆರಡು ನೋಡಿದ್ರೆ ಆ ಮ್ಯಾಂಟಲ್‌ನಿಂದ ಎಷ್ಟು ಶಿಲಾರಸ ಹೊರಗೆ ಹೋಗಿದೆ ಅಂತ ಗೊತ್ತಾಗುತ್ತೆ. ರಸ ಹೆಚ್ಚು ಹೋದಷ್ಟೂ ಎರಡೂ ಏರ್ತವೆ. ಲೆರ್ಜೊಲೈಟ್ ಅಂದ್ರೆ ಇನ್ನೂ ರಸ ಇರೋ ಪೆರಿಡೋಟೈಟ್, ಹಾರ್ಜ್‌ಬರ್ಗೈಟ್ ಹಿಂಡಿ ಬಿಸಾಕಿದ ಕಬ್ಬಿನ ಸಿಪ್ಪೆ, ಕ್ಲೈನೋಪೈರಾಕ್ಸೀನ್ ಬಹುತೇಕ ಖಾಲಿ. ಕರಗದೇ ಇರೋ ಆದಿ ಮ್ಯಾಂಟಲ್‌ನಲ್ಲಿ ಅಲ್ಯುಮಿನಾ ಸುಮಾರು 4.4 ಪರ್ಸೆಂಟ್ ಇತ್ತು ಅಂತ ಅಂದಾಜು, ನನ್ನ ಒಮಾನ್ ಕಲ್ಲುಗಳಲ್ಲಿ 1 ಪರ್ಸೆಂಟ್‌ಗೂ ಕಮ್ಮಿ. ಆ ಹಿಂಡಿದ ರಸವೇ ಮೇಲೆ ಹೋಗಿ ಸಮುದ್ರ ತಳದ ಬಸಾಲ್ಟ್, ಗ್ಯಾಬ್ರೋ ಆಗಿರೋದು, ಅದನ್ನೂ ಅದೇ ಬೆಟ್ಟದ ಮೇಲ್ಭಾಗದಲ್ಲಿ ನೋಡಿ ಬಂದಿದ್ದೆ, ಹಾಗಾಗಿ ಲೆಕ್ಕ ಕೂಡಿದಾಗ ಬಹಳ ಹಿತ ಅನ್ನಿಸ್ತು. ನೆಮ್ಮದಿಯ ವಿಷ್ಯ ಏನಂದ್ರೆ ಸ್ಪಿನೆಲ್ ಸರ್ಪೆಂಟೈನ್‌ಗೆ ಅಷ್ಟು ಬೇಗ ಬಗ್ಗಲ್ಲ, ಅಂಚು ಹಾಳಾಗಿದ್ರೂ ಒಳಗಿನ ತಿರುಳು ಹಳೇ ಕಥೆ ಉಳಿಸ್ಕೊಂಡಿರುತ್ತೆ, ಕಲ್ಲು ಪೂರಾ ಸರ್ಪೆಂಟೈನ್ ಆಗಿದೆ ಅಂತ ಕೈಬಿಡಬೇಡಿ.

ಆಮೇಲೆ ಶಾಖ. ಎರಡು ಪೈರಾಕ್ಸೀನ್‌ಗಳ ನಡುವೆ ಕ್ಯಾಲ್ಸಿಯಂ ಹೇಗೆ ಹಂಚಿಕೆ ಆಗಿದೆ ಅನ್ನೋದ್ರಿಂದ ಟೆಂಪರೇಚರ್ ಲೆಕ್ಕ ಹಾಕ್ತಾರೆ, ಬ್ರೇ ಮತ್ತು ಕ್ಯೋಲರ್ 1990ರ ಸೂತ್ರ ಈಗ್ಲೂ ಎಲ್ರೂ ಬಳಸೋದು. ಝೀನೋಲಿತ್‌ಗೆ 1000 ಡಿಗ್ರಿ ಆಸುಪಾಸು ಬಂತು. ಒಮಾನ್‌ಗೆ ಒಂದು ಸೂತ್ರದಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು, ಒಲಿವೀನ್-ಸ್ಪಿನೆಲ್ ಜೋಡಿಲಿ ನೋಡಿದ್ರೆ ಅದಕ್ಕಿಂತ ನೂರಾರು ಡಿಗ್ರಿ ಕೆಳಗೆ. ವಾರಗಟ್ಲೆ ಸ್ಪ್ರೆಡ್‌ಶೀಟ್ ಕೆರೆದಿದ್ದೇ ಬಂತು, ಲೆಕ್ಕದಲ್ಲಿ ಏನೂ ತಪ್ಪಿಲ್ಲ. ವಿಷ್ಯ ಇಷ್ಟೇ, ಕಲ್ಲು ನಿಧಾನಕ್ಕೆ ತಣ್ಣಗಾದ್ರೆ ಪರಮಾಣುಗಳು ಅದಲುಬದಲು ಆಗ್ತಾನೇ ಇರ್ತವೆ, ಒಂದೊಂದು ಧಾತು ಒಂದೊಂದು ಶಾಖದಲ್ಲಿ ನಿಂತುಬಿಡುತ್ತೆ, ಕಬ್ಬಿಣ-ಮೆಗ್ನೀಸಿಯಂ ಕೊನೆವರೆಗೂ ಓಡಾಡ್ತಿರ್ತವೆ. ಅಂದ್ರೆ ಓಫಿಯೋಲೈಟ್ ಥರ್ಮಾಮೀಟರ್ ಹೇಳೋದು ಮ್ಯಾಂಟಲ್‌ನ ಶಾಖ ಅಲ್ಲ, ತಣ್ಣಗಾದ ದಾರಿ. ಝೀನೋಲಿತ್ ಗಂಟೆಗಳಿಂದ ದಿನಗಳ ಲೆಕ್ಕದಲ್ಲಿ ಮೇಲೆ ಬಂದು ಫಕ್ಕಂತ ಆರಿದ್ದು, ಅದಕ್ಕೇ ಆಳದ ಶಾಖ ಹಾಗೇ ಉಳಿದಿದೆ. ಶಾಖ ಬೇಕಾ ಝೀನೋಲಿತ್ ಹಿಡೀರಿ, ರಸ ಹರಿದ ಕಾಲುವೆ, ಪದರಗಳ ಜೋಡಣೆ ಬೇಕಾ ಓಫಿಯೋಲೈಟ್ ಹಿಡೀರಿ, ಒಂದ್ರ ಕೈಲಿ ಇನ್ನೊಂದ್ರ ಕೆಲಸ ಮಾಡಿಸೋಕೆ ಹೋಗ್ಬೇಡಿ. ಇನ್ನೊಂದು, ಆರ್ಥೋಪೈರಾಕ್ಸೀನ್ ಒಳಗೆ ಕ್ಲೈನೋಪೈರಾಕ್ಸೀನ್ ತೆಳು ಗೆರೆಗಳು ಬೇರ್ಪಟ್ಟಿರ್ತವೆ, ಸೂಜಿಮೊನೆ ಬೀಮ್‌ನಲ್ಲಿ ಅಳೆದ್ರೆ ತಣ್ಣಗಾದ ಶಾಖ ಬರುತ್ತೆ, ಅಗಲ ಬೀಮ್‌ನಲ್ಲಿ ಗೆರೆ ಸಮೇತ ಅಳೆದು ಸರಾಸರಿ ತಗೊಂಡ್ರೆ ಬೇರ್ಪಡೋ ಮುಂಚಿನ ಸ್ಥಿತಿ ಸಿಗುತ್ತೆ. ಎರಡೂ ಅಳೀರಿ.

ಶಾಖ ಆಯ್ತು, ಆಳ? ಇಲ್ಲಿ ನಾನು ಅಕ್ಷರಶಃ ಕೈಚೆಲ್ಲಿ ಕೂತಿದ್ದೆ. ಪೆರಿಡೋಟೈಟ್‌ನಲ್ಲಿ ಅಲ್ಯುಮಿನಿಯಂ ಇಟ್ಕೊಳ್ಳೋ ಖನಿಜ ಆಳದ ಜೊತೆ ಬದಲಾಗುತ್ತೆ, 30 ಕಿ.ಮೀ ಒಳಗಾದ್ರೆ ಪ್ಲಾಜಿಯೋಕ್ಲೇಸ್, ಅಲ್ಲಿಂದ 60-80 ಕಿ.ಮೀವರೆಗೂ ಸ್ಪಿನೆಲ್, ಅದಕ್ಕೂ ಕೆಳಗೆ ಗಾರ್ನೆಟ್. ಗಾರ್ನೆಟ್ ಇದ್ರೆ ಒತ್ತಡ ಚೆನ್ನಾಗಿ ಲೆಕ್ಕ ಹಾಕಬಹುದು, ಸ್ಪಿನೆಲ್ ಕಲ್ಲಿಗೆ ನಂಬಿಕಸ್ತ ಒತ್ತಡಮಾಪಕನೇ ಇಲ್ಲ. ಒಲಿವೀನ್‌ನಲ್ಲಿರೋ ಕ್ಯಾಲ್ಸಿಯಂನಿಂದ ಒಂದು ವಿಧಾನ ಇದೆ, ಆದ್ರೆ ಆ ಕ್ಯಾಲ್ಸಿಯಂ ತೀರಾ ಕಮ್ಮಿ, ಪಕ್ಕದಲ್ಲಿ ಕ್ಲೈನೋಪೈರಾಕ್ಸೀನ್ ಇದ್ರೆ ಎಕ್ಸ್‌ರೇ ಅಲ್ಲಿಂದಲೂ ಸೋರಿ ಬಂದು ಸುಳ್ಳು ಲೆಕ್ಕ ಕೊಡುತ್ತೆ, ಶಾಖ ಸ್ವಲ್ಪ ಆಚೀಚೆ ಆದ್ರೂ ಆಳ ಹತ್ತಾರು ಕಿ.ಮೀ ಜಿಗಿಯುತ್ತೆ. ಎಷ್ಟೋ ಬರಹಗಳಲ್ಲಿ ಸ್ಪಿನೆಲ್ ಲೆರ್ಜೊಲೈಟ್‌ಗೆ 15 ಕಿಲೋಬಾರ್ ಒತ್ತಡ ಅಂತ ಸುಮ್ನೆ ಊಹೆ ಇಟ್ಕೊಂಡಿರ್ತಾರೆ, ಅದು ಅಳತೆ ಅಂತ ಓದ್ಕೋಬೇಡಿ. ನಾನು ಸ್ಪಿನೆಲ್ ವಲಯದ ಮೇಲಿನ ಮಿತಿ, ಕೆಳಗಿನ ಮಿತಿ ಎರಡನ್ನೂ ಕೊಟ್ಟು ಸುಮ್ಮನಾದೆ.

ಟ್ರೇಸ್ ಎಲಿಮೆಂಟ್, ಅಂದ್ರೆ ತೀರಾ ಕಮ್ಮಿ ಇರೋ ಧಾತುಗಳನ್ನ ಅಳೆಯೋಕೆ ಕಲ್ಲು ಪುಡಿ ಮಾಡೋದು ಇನ್ನೊಂದು ಪಾಡು. ಟಂಗ್‌ಸ್ಟನ್ ಕಾರ್ಬೈಡ್ ಮಿಲ್ ಬೇಡ, ಟಂಗ್‌ಸ್ಟನ್, ಕೋಬಾಲ್ಟ್ ಎಲ್ಲ ಸೇರ್ಕೊಳ್ಳುತ್ತೆ, ಸ್ಟೀಲ್ ಆದ್ರೆ ಕಬ್ಬಿಣ, ಕ್ರೋಮಿಯಂ. ಅಗೇಟ್ ಮಿಲ್ ನಿಧಾನ ಆದ್ರೂ ಅದೇ ಸರಿ. ಕರಗಿಸೋವಾಗ ಸ್ಪಿನೆಲ್ ಬಿಸಿ ತಟ್ಟೆ ಮೇಲಿನ ಆಸಿಡ್‌ಗೆ ಕರಗದೆ ಕಪ್ಪು ಚುಕ್ಕಿಯಾಗಿ ತಳದಲ್ಲಿ ಕೂರುತ್ತೆ, ಒತ್ತಡ ತಡೆಯೋ ಮುಚ್ಚಿದ ಪಾತ್ರೆಲಿ (ಬಾಂಬ್ ಅಂತಾರೆ) ಹಾಕ್ಬೇಕು. ಹೈಡ್ರೋಫ್ಲೋರಿಕ್ ಆಸಿಡ್ ಹತ್ರ ಹೋಗೋ ಮುಂಚೆ ಟ್ರೇನಿಂಗ್ ತಗೊಳ್ಳಿ, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕೋ ಜಾಗದಲ್ಲಿರಲಿ, ಇದ್ರಲ್ಲಿ ಮಾತ್ರ ರಾಜಿ ಬೇಡ. ಇಷ್ಟೆಲ್ಲ ಮಾಡಿ ಬಂದ ಝೀನೋಲಿತ್ ಫಲಿತಾಂಶದಲ್ಲಿ ಬೇರಿಯಂ, ರುಬಿಡಿಯಂ, ಹಗುರ ರೇರ್ ಅರ್ಥ್ ಧಾತುಗಳು ಎಲ್ಲ ಏರಿತ್ತು. ರಸ ಹಿಂಡಿದ ಕಲ್ಲಲ್ಲಿ ಇವು ಕಮ್ಮಿ ಇರ್ಬೇಕು ಅಲ್ವಾ? ಮತ್ತೆ ಅದೇ ಪ್ರಶ್ನೆ, ಮ್ಯಾಂಟಲ್ಲಾ ಬಸಾಲ್ಟಾ. ಅದಕ್ಕೇ ಲೇಸರ್‌ನಿಂದ ಕ್ಲೈನೋಪೈರಾಕ್ಸೀನ್ ತಿರುಳನ್ನೇ ಬೇರೆ ಅಳೆಸಿದ್ವಿ. ಕೆಲವು ಸ್ಯಾಂಪಲ್‌ಗಳಲ್ಲಿ ತಿರುಳು ಖಾಲಿನೇ ಇತ್ತು, ಏರಿದ್ದೆಲ್ಲ ಹರಳಿನ ಸಂದಿಲಿ, ಅದು ಲಾವಾ ಸೋರಿದ್ದು. ಇನ್ನು ಕೆಲವದ್ರಲ್ಲಿ ತಿರುಳಿನಲ್ಲೂ ಏರಿತ್ತು, ಅಂದ್ರೆ ಜ್ವಾಲಾಮುಖಿ ಸಿಡಿಯೋ ಎಷ್ಟೋ ಮುಂಚೆ ಆಳದಲ್ಲೇ ಯಾವುದೋ ರಸ ಹಾದು ಹೋಗಿ ಆ ಮ್ಯಾಂಟಲ್‌ಗೆ ಮತ್ತೆ ಉಪ್ಪು ಖಾರ ಹಚ್ಚಿದೆ. ಇಡೀ ಥೀಸಿಸ್‌ನಲ್ಲಿ ನನಗೆ ಅತಿ ಇಷ್ಟವಾದ ಚಿತ್ರ ಇದೇ.

ಹರಳುಗಳ ದಿಕ್ಕು ಅಳೆಯೋದೂ ಮಾಡಿಸ್ದೆ, ಇಬಿಎಸ್‌ಡಿ ಅಂತಾರೆ, ಎಲೆಕ್ಟ್ರಾನ್ ಬೀಮ್ ಹರಳಿಂದ ಚದುರೋದನ್ನ ನೋಡಿ ಅಳೆಯೋ ವಿಧಾನ. ಪಾಲಿಶ್ ಕೊನೇ ಹಂತದಲ್ಲಿ ಕೊಲಾಯ್ಡಲ್ ಸಿಲಿಕಾ ಹಾಕ್ಲೇಬೇಕು, ಇಲ್ಲಾಂದ್ರೆ ಸಿಗ್ನಲ್ಲೇ ಬರಲ್ಲ. ಒಲಿವೀನ್‌ನಲ್ಲಿ ಭೂಕಂಪದ ಪಿ ಅಲೆ ಒಂದು ಅಕ್ಷದಲ್ಲಿ ಸೆಕೆಂಡಿಗೆ ಸುಮಾರು 9.9 ಕಿ.ಮೀ ಓಡುತ್ತೆ, ಇನ್ನೊಂದರಲ್ಲಿ 7.7. ಮ್ಯಾಂಟಲ್ ಹರಿಯೋವಾಗ ವೇಗದ ಅಕ್ಷಗಳು ಹರಿವಿನ ದಿಕ್ಕಿಗೆ ತಿರುಗಿ ಸಾಲಾಗಿ ನಿಲ್ತವೆ. ಸಮುದ್ರದ ಕೆಳಗೆ ಅಲೆಗಳು ಒಂದು ದಿಕ್ಕಲ್ಲಿ ಬೇಗ, ಇನ್ನೊಂದರಲ್ಲಿ ನಿಧಾನ ಅಂತ ಭೂವಿಜ್ಞಾನಿ ಹೆಸ್ 1964ರಲ್ಲೇ ತೋರಿಸಿದ್ರು, ಅದರ ಕಾರಣ ಇವತ್ತು ನನ್ನ ಬೆರಳಗಲದ ಸೆಕ್ಷನ್‌ನಲ್ಲಿ ಕಾಣ್ತಿದೆ ಅಂದಾಗ ಮೈ ಜುಂ ಅಂತು. ಝೀನೋಲಿತ್‌ಗೆ ಇದು ಅರ್ಧ ಮಾತ್ರ ಉಪಯೋಗ, ಲಾವಾದಲ್ಲಿ ಉರುಳಿ ಬಂದ ಕಲ್ಲಿಗೆ ಉತ್ತರ ಯಾವುದು ದಕ್ಷಿಣ ಯಾವುದು.

ಆಸ್ಮಿಯಂ ಐಸೋಟೋಪ್‌ನಿಂದ ವಯಸ್ಸು ಹುಡುಕೋ ಆಸೆನೂ ಇತ್ತು. ರಸದ ಜೊತೆ ರೀನಿಯಂ ಹೋಗುತ್ತೆ, ಆಸ್ಮಿಯಂ ಉಳಿಯುತ್ತೆ, ಅದ್ರಿಂದ ರಸ ಯಾವಾಗ ಹೋಯ್ತು ಅಂತ ತಿಳಿಯುತ್ತೆ. ಆರ್ಕ್ಟಿಕ್‌ನ ಗಾಕೆಲ್ ರಿಡ್ಜ್ (ಸಮುದ್ರ ತಳದ ಬೆಟ್ಟಸಾಲು) ಕಲ್ಲುಗಳಲ್ಲಿ ಇದೇ ವಿಧಾನದಿಂದ ಸುಮಾರು 200 ಕೋಟಿ ವರ್ಷದ ಹಿಂದೆ ರಸ ಹೋದ ಗುರುತು ಸಿಕ್ಕಿದೆ, ಅಲ್ಲಿನ ಸಮುದ್ರ ತಳ ಅದ್ರ ಮುಂದೆ ಮೊನ್ನೆ ಹುಟ್ಟಿದ್ದು, ಅಂದ್ರೆ ಮ್ಯಾಂಟಲ್ ಎಷ್ಟು ಕಲಸಿದ್ರೂ ಪೂರ್ತಿ ಒಂದಾಗಿಲ್ಲ. ಆದ್ರೆ ಮುಚ್ಚಿದ ಗಾಜಿನ ಟ್ಯೂಬ್‌ನಲ್ಲಿ ಆಸಿಡ್ ಜೊತೆ 200 ಡಿಗ್ರಿ ಮೇಲೆ ಕಾಯಿಸೋದು, ಆಸ್ಮಿಯಂ ಆಕ್ಸೈಡ್ ವಿಷದ ಆವಿ, ಜೊತೆಗೆ ಖರ್ಚು, ಗೈಡ್ ಬೇಡ ಅಂದ್ರು, ಬಿಟ್ಟೆ.

ವೈವಾದಲ್ಲಿ ಒಬ್ಬ ಪರೀಕ್ಷಕರು, ನೀನು ನೋಡಿದ್ದೆಲ್ಲ ಮ್ಯಾಂಟಲ್‌ನ ಮೇಲಿನ ಸಿಪ್ಪೆ, 400 ಕಿ.ಮೀ ಕೆಳಗಿನದ್ರ ಬಗ್ಗೆ ಕಲ್ಲು ಏನಾದ್ರೂ ಹೇಳುತ್ತಾ ಅಂತ ಕೇಳಿದ್ರು. ಬಂಡೆಯಾಗಿ ಬರಲ್ಲ, ವಜ್ರದೊಳಗಿನ ಚುಕ್ಕಿಯಾಗಿ ಬರುತ್ತೆ ಅಂದೆ. ಬ್ರೆಜಿಲ್‌ನ ಜುಯೀನಾದ ವಜ್ರದಲ್ಲಿ 2014ರಲ್ಲಿ ರಿಂಗ್‌ವುಡೈಟ್ ಸಿಕ್ತು, ಅದು 520ರಿಂದ 660 ಕಿ.ಮೀ ಆಳದಲ್ಲಿ ಒಲಿವೀನ್ ತಾಳೋ ರೂಪ, ಅದ್ರಲ್ಲಿ ತೂಕದ ಸುಮಾರು 1.5 ಪರ್ಸೆಂಟ್ ನೀರು ಹರಳಿನೊಳಗೇ ಸೇರ್ಕೊಂಡಿತ್ತು. ಅವ್ರು ತಲೆ ಆಡಿಸಿ ಮುಂದಿನ ಪ್ರಶ್ನೆಗೆ ಹೋದ್ರು, ಒತ್ತಡ ಯಾಕೆ ಒಂದೇ ಅಂಕಿ ಕೊಟ್ಟಿಲ್ಲ ಅಂತ. ಕೊಡೋ ಹಾಗಿಲ್ಲ ಸರ್ ಅಂತ ಮೇಲೆ ಬರೆದ ಕಾರಣಾನೇ ಹೇಳ್ದೆ, ಒಪ್ಕೊಂಡ್ರು.

ತಿದ್ದುಪಡಿ ಬಂದಿದ್ದು ಬೇರೆ ಕಡೆಯಿಂದ. ಪ್ರೋಬ್, ಲೇಸರ್ ಎರಡಕ್ಕೂ ಆಯಾ ದಿನ ಸ್ಟ್ಯಾಂಡರ್ಡ್ ಎಷ್ಟು ಓದಿತ್ತು ಅನ್ನೋ ಪಟ್ಟಿ ಪೂರ್ತಿ ಬೇಕು ಅಂದ್ರು, ಪ್ರತಿ ಸ್ಯಾಂಪಲ್‌ನ ಅಕ್ಷಾಂಶ ರೇಖಾಂಶ, ಸುಟ್ಟಾಗ ಕಳೆದ ತೂಕ, ಅನುಮತಿ ಪತ್ರದ ನಂಬರ್ ಸಮೇತ. ಕೆಲವು ಲ್ಯಾಬ್ ಹಳೇ ಫೈಲ್ ಬೇಗ ಅಳಿಸಿಬಿಡ್ತವೆ, ಸೆಷನ್ ಮುಗಿದ ದಿನವೇ ಸ್ಟ್ಯಾಂಡರ್ಡ್ ರೀಡಿಂಗ್ ಕಾಪಿ ಮಾಡ್ಕೊಂಡೇ ಎದ್ದು ಬನ್ನಿ. ಸಾಲ ತಂದ ಝೀನೋಲಿತ್‌ಗಳ ಮಿಕ್ಕ ತುಂಡು, ಸೆಕ್ಷನ್ ಎಲ್ಲ ಪಟ್ಟಿ ಮಾಡಿ ಪ್ಯಾಕ್ ಆಗಿದೆ, ಸಂಗ್ರಹದವರು ವಾಪಸ್ ಸಿಕ್ಕಿತು ಅಂತ ಪತ್ರ ಕೊಟ್ರೆ ಮಾತ್ರ ನನಗೆ ನೋ ಡ್ಯೂಸ್ ಸಿಗೋದು, ಸದ್ಯ ಅದಕ್ಕೇ ಕಾಯ್ತಿದ್ದೀನಿ.